ಸೊಸೆಯ ತವರಿನ ಅಡ್ಡಹೆಸರು ಇಂಗ್ಲೆಂಡಿನ ಊರಿನದಂತೆ. ಬೇರು ಹುಡುಕೋದು ಹೇಗೆ?

ಕಾಫಿಪುಡಿ

ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಊರು ಓಹಾಯೋದಲ್ಲಿ. ಮೊಮ್ಮಗಳು ಹುಟ್ಟಿದ್ದಾಳೆ. ಸೊಸೆ ಇಲ್ಲಿಯವಳೇ. ಹೆಸರಿಡುವ ದಿನ ಗೋಡೆಗೆ ಹಾಕೋಣ ಅಂತ ಎರಡೂ ಕಡೆಯ ವಂಶವೃಕ್ಷ ಬರೆಯಲು ಕೂತೆ.

ನಮ್ಮ ಕಡೆಯದು ಕಷ್ಟ ಆಗಲಿಲ್ಲ. ನಮ್ಮದು ಹಾವೇರಿ ಕಡೆ. ಹೆಳವರು ಮನೆಗೆ ಬಂದು ವಂಶ ಹೇಳಿದಾಗೆಲ್ಲ ನಮ್ಮ ಮಾವನವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಏಳು ತಲೆಮಾರು ಸುಲಭವಾಗಿ ಸಿಕ್ಕಿತು. ಹೆಂಗಸರ ಹೆಸರು ಮಾತ್ರ ಅರ್ಧಕ್ಕರ್ಧ ಇಲ್ಲ, ಅದು ಬೇರೆ ಮಾತು.

ಬೀಗರನ್ನು ಕೇಳಿದರೆ ಒಂದಲ್ಲ, ಮೂರು ಕಥೆ ಹೇಳಿದರು. ಒಂದು, ಅವರ ಹಿರಿಯರು ಇಂಗ್ಲೆಂಡಿನಿಂದ ಮೊದಮೊದಲು ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದವರು. ಎರಡು, ಇಂಗ್ಲೆಂಡಿನಿಂದ ಮೂವರು ಅಣ್ಣತಮ್ಮಂದಿರು ಬಂದರು, ಒಬ್ಬ ಬಾಸ್ಟನ್ ಹತ್ತಿರ ನಿಂತ, ಒಬ್ಬ ದಕ್ಷಿಣಕ್ಕೆ ಹೋದ, ಇನ್ನೊಬ್ಬ ಎಲ್ಲಿ ಹೋದನೋ ಗೊತ್ತಿಲ್ಲ. ಮೂರು, ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲಿಸ್ ಐಲ್ಯಾಂಡಿನ ಗುಮಾಸ್ತ ಹೆಸರಿನ ಕೊನೇ ಅಕ್ಷರ ಹಾರಿಸಿಬಿಟ್ಟ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರು ಪಾಪ. ಮೂರೂ ಒಟ್ಟಿಗೆ ಹೇಗೆ ನಿಜ ಆಗುತ್ತೆ ಅಂತ ನಾನು ಕೇಳಲಿಲ್ಲ. ಬೀಗರಲ್ವಾ!

ಅಡ್ಡಹೆಸರು ಇಲ್ಲಿ ಬರೆಯಲ್ಲ. ಇಂಗ್ಲೆಂಡಿನ ಒಂದು ಊರಿನ ಹೆಸರು ಅಂತ ಇಟ್ಟುಕೊಳ್ಳಿ. ಒಂದು ಕಡೆ ದುಡ್ಡು ಕಟ್ಟಿದ್ದಕ್ಕೆ ಹತ್ತೇ ನಿಮಿಷದಲ್ಲಿ ಇಂಗ್ಲೆಂಡಿನ ರಾಜನವರೆಗೂ ಮರ ಬೆಳೆಸಿ ಕೊಟ್ಟರು. ಅದರಲ್ಲಿ ಒಬ್ಬ ತಾಯಿಗೆ ಮಗ ಹುಟ್ಟಿದಾಗ ಆರು ವರ್ಷ. ಗೊತ್ತಿದ್ದವರು ದಾರಿ ತೋರಿಸಿ.

ಹಳೇಕಡತ

ಅಕ್ಕ, ಆ ರಾಜನ ಮರವನ್ನು ಪಕ್ಕಕ್ಕಿಡಿ. ನಾನು ಬಾಸ್ಟನ್ ಹತ್ತಿರ ಇರುವವನು. ಹತ್ತು ವರ್ಷದಿಂದ ಇದೇ ಹುಚ್ಚು. ಮೊದಲು ಮೂರು ಕಥೆ ನೋಡೋಣ.

ಮೇಫ್ಲವರ್ ಬಂದಿದ್ದು 1620ರಲ್ಲಿ. ಅದರಲ್ಲಿ ಇದ್ದವರು 102 ಜನ. ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಆದರೆ 1620ರಿಂದ 1640ರ ಒಳಗೆ ನ್ಯೂ ಇಂಗ್ಲೆಂಡಿಗೆ, ಅಂದರೆ ಅಮೆರಿಕದ ಈಶಾನ್ಯ ಮೂಲೆಗೆ, ಬಂದವರು ಸುಮಾರು 20,000. ಹಾಗಾಗಿ ಹಳೇ ಮನೆತನ ಅಂದ ತಕ್ಷಣ ಮೇಫ್ಲವರ್ ಅನ್ನೋದು ಸುಮ್ನೆ ಜಂಬ. ಬೇರೆ ಹಡಗಿನ ಸಾಧ್ಯತೆಯೇ ಜಾಸ್ತಿ.

ಎಲಿಸ್ ಐಲ್ಯಾಂಡ್ ತೆರೆದಿದ್ದು 1892ರಲ್ಲಿ. ನಿಮ್ಮ ಬೀಗರು ಅದಕ್ಕೂ ಮುಂಚೆಯೇ ಓಹಾಯೋದಲ್ಲಿ ಇದ್ದರೆ ಆ ಕಥೆ ಅಲ್ಲಿಗೇ ಮುಗಿಯಿತು. ಅಲ್ಲಿನ ಗುಮಾಸ್ತರು ಹೊಸದಾಗಿ ಹೆಸರು ಬರೆಯುತ್ತಲೂ ಇರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ಪಟ್ಟಿ ತಯಾರಾಗುತ್ತಿತ್ತು, ಇವರು ಅದಕ್ಕೆ ಟಿಕ್ ಹಾಕುತ್ತಿದ್ದರು. ಹೆಸರು ಬದಲಾಯಿಸಿಕೊಂಡವರು ಆಮೇಲೆ ತಾವೇ ಬದಲಾಯಿಸಿಕೊಂಡರು.

ಮೂವರು ಅಣ್ಣತಮ್ಮಂದಿರ ಕಥೆ ಅಮೆರಿಕದ ಪ್ರತಿ ಎರಡನೇ ಮನೆಯಲ್ಲಿ ಇದೆ. ಒಂದೇ ಅಡ್ಡಹೆಸರಿನವರು ಮೂರು ಕಡೆ ಸಿಕ್ಕರೆ, ಇವರು ಅಣ್ಣತಮ್ಮಂದಿರೇ ಇರಬೇಕು ಅಂತ ಯಾರೋ ಊಹಿಸಿರುತ್ತಾರೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಊಹೆ ಇತಿಹಾಸ ಆಗಿರುತ್ತೆ.

ನಾರಿಚ್‌ಮಳೆ

ಕಡತದವರೇ, ಮೂವರು ಅಣ್ಣತಮ್ಮಂದಿರನ್ನು ಅಷ್ಟು ಬೇಗ ಹೊರಗೆ ಹಾಕಬೇಡಿ. ನಾನು ಇರುವುದು ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ. ಇಲ್ಲಿ ಹಿಂಗಮ್ ಅಂತ ಸಣ್ಣ ಊರಿದೆ. ಅಲ್ಲಿಂದ ಹೋದ ಲಿಂಕನ್‌ಗಳು ನಿಜಕ್ಕೂ ಮೂವರು ಅಣ್ಣತಮ್ಮಂದಿರು. ಥಾಮಸ್, ಡೇನಿಯಲ್, ಸ್ಯಾಮ್ಯುಯೆಲ್. ಕೊನೆಯವನು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಮುತ್ತಜ್ಜನ ಮುತ್ತಜ್ಜ. ಇದು ಬಾಯಿಮಾತಿನ ಉತ್ಪ್ರೇಕ್ಷೆ ಅಲ್ಲ, ಲೆಕ್ಕ ಹಾಕಿದರೆ ಸರಿಯಾಗಿ ಆರನೇ ಮೆಟ್ಟಿಲು.

ಇಲ್ಲಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ 1622ರಲ್ಲಿ ಸ್ಯಾಮ್ಯುಯೆಲ್‌ನ ದೀಕ್ಷಾಸ್ನಾನ ಆಯಿತು. ಅದೇ ಚರ್ಚಿನಲ್ಲಿ ಈಗ ಅಧ್ಯಕ್ಷರ ಎದೆಮಟ್ಟದ ಪ್ರತಿಮೆ ಇದೆ, 1919ರಲ್ಲಿ ಇಟ್ಟಿದ್ದು. ನೋಡಲು ಹೋದ ದಿನ ನಾನೊಬ್ಬನೇ ಇದ್ದೆ, ಜೊತೆಗೆ ಒಂದು ಬೆಕ್ಕು.

ಅಕ್ಕ, ನಿಮಗೆ ಈ ಲಿಂಕನ್ ಕಥೆ ಒಳ್ಳೇ ಮಾದರಿ. ಅವರದ್ದೂ ಊರಿನ ಹೆಸರಿನ ಅಡ್ಡಹೆಸರು ನೋಡಿ.

ಗಿರಣಿಚಾಳ

ಅಂದ್ರೆ ಅವರು ಲಿಂಕನ್ ಊರಿನವರು ತಾನೇ? ನಮ್ಮ ಹುಬ್ಬಳ್ಳಿ ಕಡೆ ಇದೇ ಪದ್ಧತಿ ಇದೆಯಲ್ಲ. ನಮ್ಮ ಓಣಿಯಲ್ಲಿ ಬಿಜಾಪುರ, ಬಾಗಲಕೋಟಿ, ನರಗುಂದ ಎಲ್ಲ ಒಂದೇ ಸಾಲಿನ ಮನೆಗಳು. ಅಂಚೆಯವನು ಜಿಲ್ಲೆ ಸುತ್ತಿದ ಹಾಗೆ ಸುತ್ತುತ್ತಾನೆ.

ನಾರಿಚ್‌ಮಳೆ

ಅದೇ ಸ್ವಾರಸ್ಯ ನೋಡಿ. ಬಾಗಲಕೋಟೆ ಒಳಗೇ ಇರುವವನನ್ನು ಬಾಗಲಕೋಟಿ ಅಂತ ಕರೆದು ಏನು ಪ್ರಯೋಜನ? ಅಲ್ಲಿ ಎಲ್ಲರೂ ಬಾಗಲಕೋಟೆಯವರೇ. ಊರು ಬಿಟ್ಟು ಬಂದವನಿಗೇ ಆ ಹೆಸರು ಅಂಟಿಕೊಳ್ಳುವುದು. ಇಂಗ್ಲೆಂಡಿನಲ್ಲೂ ಹಾಗೇ. ಲಿಂಕನ್ ಪಟ್ಟಣದಿಂದ ಯಾವನೋ ಬೇರೆ ಕಡೆ ಬಂದು ನೆಲೆಸಿದ್ದಾನೆ, ಅಲ್ಲಿನವರು ಹಾಗೆ ಕರೆದಿದ್ದಾರೆ. ಅಂದರೆ ಅಮೆರಿಕಕ್ಕೆ ಹೊರಡುವ ಎಷ್ಟೋ ತಲೆಮಾರು ಮೊದಲೇ ಒಂದು ವಲಸೆ ಆಗಿಹೋಗಿದೆ. ಅಡ್ಡಹೆಸರೇ ಅದಕ್ಕೆ ಸಾಕ್ಷಿ.

ಊರಿನ ಹೆಸರೂ ಹಳೇದು. ಲಿಂಡೊ ಅಂದರೆ ಅಲ್ಲಿನ ಹಳೇ ಕೆಲ್ಟಿಕ್ ಭಾಷೆಯಲ್ಲಿ ಕೊಳ. ರೋಮನ್ನರು ಅಲ್ಲಿ ನಿವೃತ್ತ ಸೈನಿಕರ ವಸಾಹತು ಮಾಡಿ ಲಿಂಡಮ್ ಕೊಲೋನಿಯಾ ಅಂದರು. ಜನರ ಬಾಯಲ್ಲಿ ಸವೆದು ಲಿಂಕನ್ ಆಯಿತು.

ಇದರಲ್ಲಿ ಒಂದು ಎಚ್ಚರಿಕೆ ಇದೆ ಅಕ್ಕ. ಲಿಂಕನ್ ಒಂದೇ ದೊಡ್ಡ ಊರು, ಸರಿ. ಆದರೆ ಸಟನ್, ನಾರ್ಟನ್ ತರದ ಹೆಸರಿನ ಊರು ಇಂಗ್ಲೆಂಡಿನ ತುಂಬ ಇವೆ. ನಮ್ಮಲ್ಲಿ ಹೊಸಹಳ್ಳಿ ಇದ್ದ ಹಾಗೆ. ಹೆಸರು ನೋಡಿ ನಕ್ಷೆಯಲ್ಲಿ ಬೆರಳಿಟ್ಟು 'ಇದೇ ನಮ್ಮೂರು' ಅಂದುಬಿಡಬೇಡಿ.

ಸಂತೆಪೇಟೆ

ವಾಷಿಂಗ್ಟನ್ ಹೆಸರು ಇನ್ನೂ ಮಜಾ ಇದೆ. 12ನೇ ಶತಮಾನದಲ್ಲಿ ಹರ್ಟ್‌ಬರ್ನ್‌ನ ವಿಲಿಯಂ ಅನ್ನೋನು ಇಂಗ್ಲೆಂಡಿನ ಉತ್ತರಕ್ಕೆ ಡರಮ್ ಸೀಮೆಯಲ್ಲಿ ತನ್ನ ಜಮೀನು ಕೊಟ್ಟು ವಾಷಿಂಗ್ಟನ್ ಅನ್ನೋ ಜಾಗ ತಗೊಂಡ. ಜಮೀನಿನ ಜೊತೆ ಹೆಸರೂ ಬದಲಾಯಿತು. ಇಲ್ಲಿ ಊರು ಬಿಟ್ಟಿದ್ದಕ್ಕಲ್ಲ, ಊರು ಹಿಡಿದಿದ್ದಕ್ಕೆ ಬಂದ ಹೆಸರು. ಆಮೇಲೆ ಅವರ ಒಂದು ಕವಲು ನಾರ್ಥಾಂಪ್ಟನ್‌ಶೈರ್‌ಗೆ ಬಂತು. ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಸಲ್‌ಗ್ರೇವ್ ಅನ್ನೋ ಆಸ್ತಿ ಕೊಂಡ. ಅದೇ ವಂಶದ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್‌ನಲ್ಲಿ ಪಾದ್ರಿ. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಅವನ ಚರ್ಚಿನ ಕೆಲಸ ಹೋಯಿತು. ಕುಡುಕ ಅಂತ ಆರೋಪ. ಅವನು ರಾಜನ ಪಕ್ಷ ಅನ್ನೋದೇ ನಿಜವಾದ ಕಾರಣ ಅನ್ನುವವರೂ ಇದ್ದಾರೆ. ಮಗ ಜಾನ್ ಹಡಗು ಹತ್ತಿದ. ಹೊಗೆಸೊಪ್ಪು ತುಂಬಿಕೊಂಡು ವಾಪಸ್ ಹೊರಟ ಹಡಗು ಪೊಟೋಮ್ಯಾಕ್ ನದಿಯಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಜಾನ್ ವರ್ಜೀನಿಯಾದಲ್ಲೇ ಉಳಿದುಬಿಟ್ಟ. ಅವನ ಮರಿಮಗನೇ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್.

ಆದರೆ ಇವತ್ತು ಅಮೆರಿಕದಲ್ಲಿ ವಾಷಿಂಗ್ಟನ್ ಅಡ್ಡಹೆಸರಿನವರು ಯಾರು ಗೊತ್ತಾ? 2000ದ ಜನಗಣತಿ ಪ್ರಕಾರ 100ರಲ್ಲಿ ಸುಮಾರು 90 ಜನ ಕಪ್ಪು ವರ್ಣೀಯರು. ಗುಲಾಮಗಿರಿ ಮುಗಿದ ಮೇಲೆ ಎಷ್ಟೋ ಜನ ತಾವೇ ಈ ಹೆಸರು ಆರಿಸಿಕೊಂಡರು. ಗುಲಾಮನಾಗಿ ಹುಟ್ಟಿ ಕಪ್ಪು ಜನರ ನಾಯಕನಾದ ಬುಕರ್ ಟಿ. ವಾಷಿಂಗ್ಟನ್ ಶಾಲೆಯಲ್ಲಿ ಹಾಜರಿ ಕರೆಯುವಾಗ, ಎಲ್ಲರಿಗೂ ಎರಡು ಹೆಸರು ಇರೋದು ನೋಡಿ, ಅಲ್ಲೇ ಇಟ್ಟುಕೊಂಡ ಹೆಸರು ಅದು. ಅಡ್ಡಹೆಸರು ಒಂದೇ ಇದ್ದರೆ ರಕ್ತ ಒಂದೇ ಅನ್ನೋ ಲೆಕ್ಕ ಅಲ್ಲಿಗೆ ಬಿತ್ತು.

ಗಿರಣಿಚಾಳ

ಅಡ್ಡಹೆಸರಿನ ಲಾಂಛನ ಅಂತ ಮಾರುತ್ತಾರಲ್ಲ, ಸಿಂಹ ಗುರಾಣಿ ಎಲ್ಲ ಇರುತ್ತೆ, ಅದು? ನನ್ನ ಆಫೀಸಿನ ಅಮೆರಿಕನ್ನನ ಮೇಜಿನ ಮೇಲೆ ಅಂಥ ಒಂದು ಮಗ್ ಇದೆ.

ಹಳೇಕಡತ

ಕಾಫಿ ಕುಡಿಯಲು ಚೆನ್ನಾಗಿರುತ್ತೆ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅವನ ನೇರ ವಂಶದವರಿಗೆ. ಅಡ್ಡಹೆಸರಿಗೆ ಅಂತ ಲಾಂಛನ ಇಲ್ಲವೇ ಇಲ್ಲ.

ಲಿಂಕನ್ ಮಾತಿಗೆ ಬರ್ತೀನಿ. ಅವರ ಅಮೆರಿಕದ ಕಡೆಯ ಊರು, ಮ್ಯಾಸಚೂಸೆಟ್ಸ್‌ನ ಹಿಂಗಮ್, ನನ್ನ ಮನೆಯಿಂದ ಅರ್ಧ ಗಂಟೆ. ಹೌದು, ಇಲ್ಲೂ ಹಿಂಗಮ್. ಬಂದವರು ಊರಿನ ಹೆಸರನ್ನೂ ಹೊತ್ತುಕೊಂಡೇ ಬಂದರು.

ಜನ ಸುಮ್ಮನೆ ಬಂದವರಲ್ಲ. 1635ರಲ್ಲಿ ನಾರ್ಫೋಕ್‌ನ ದೊಡ್ಡ ಊರು ನಾರಿಚ್‌ಗೆ ಮ್ಯಾಥ್ಯೂ ರೆನ್ ಅನ್ನೋ ಬಿಷಪ್ ಬಂದ. ಚರ್ಚಿನ ಆಡಂಬರ ಬೇಡ ಅನ್ನುತ್ತಿದ್ದ ಪ್ಯೂರಿಟನ್‌ ಪಂಥದವರ ಮೇಲೆ ಬಿಗಿ ಮಾಡಿದ. ಹಿಂಗಮ್ ಚರ್ಚಿನ ಪಾದ್ರಿ ರಾಬರ್ಟ್ ಪೆಕ್ 1638ರಲ್ಲಿ ತನ್ನವರನ್ನು ಕಟ್ಟಿಕೊಂಡು ಸಮುದ್ರ ದಾಟಿದ. ಅವನಿಗಿಂತ ಮೊದಲೇ ಅದೇ ಊರಿನ ಪೀಟರ್ ಹೋಬರ್ಟ್ ಬಂದು ಇಲ್ಲಿ ನೆಲೆ ಹಿಡಿದಿದ್ದ. ಹಾಗಾಗಿ ಒಬ್ಬೊಬ್ಬರೇ ಬಂದಿದ್ದಲ್ಲ. ಅಕ್ಕಪಕ್ಕದ ಮನೆಯವರು, ಅಳಿಯಂದಿರು, ಕೆಲಸದ ಹುಡುಗರು, ಎಲ್ಲ ಒಟ್ಟಿಗೆ. ಊರಿಗೆ ಊರೇ ಎದ್ದು ಬಂದ ಹಾಗೆ. ಇದನ್ನು ನೆನಪಿಡಿ ಅಕ್ಕ, ಮುಂದೆ ಕೆಲಸಕ್ಕೆ ಬರುತ್ತೆ.

ಸ್ಯಾಮ್ಯುಯೆಲ್ ನೇಕಾರನ ಕೈಕೆಳಗಿನ ಹುಡುಗ. 1637ರ ಏಪ್ರಿಲ್‌ನಲ್ಲಿ ಹಡಗು ಹತ್ತುವ ಮುಂಚೆ ಅಧಿಕಾರಿಗಳು ವಿಚಾರಣೆ ಮಾಡಿ ಬರೆದುಕೊಂಡ ಪಟ್ಟಿ ಉಳಿದಿದೆ. ನಾರಿಚ್‌ನ ನೇಕಾರ ಫ್ರಾನ್ಸಿಸ್ ಲಾಸ್, ಅವನ ಹೆಂಡತಿ, ಮಗಳು, ಜೊತೆಗೆ ಇಬ್ಬರು ಆಳು. ಅದರಲ್ಲಿ ಒಬ್ಬ ಸ್ಯಾಮ್ಯುಯೆಲ್. ಆದರೆ ಅಡ್ಡಹೆಸರು ಲಿಂಕನ್ ಅಂತ ಇಲ್ಲ, ಲಿಂಕಾರ್ನ್ ಅಂತ ಇದೆ. ವಯಸ್ಸು 18 ಅಂತ ಇದೆ. ದೀಕ್ಷಾಸ್ನಾನದ ಲೆಕ್ಕ ಹಿಡಿದರೆ 15 ಕೂಡ ತುಂಬಿರಲಿಲ್ಲ.

ಕಾಗುಣಿತ ನೋಡಿ ಅನುಮಾನ ಪಡುವವರು ಇಲ್ಲೇ ದಾರಿ ತಪ್ಪುತ್ತಾರೆ. ಗುಮಾಸ್ತ ಕಿವಿಗೆ ಬಿದ್ದಿದ್ದನ್ನು ಬರೆದ. ನೂರೈವತ್ತು ವರ್ಷ ಆದ ಮೇಲೂ ಇದೇ ಮನೆತನ ದಾಖಲೆಗಳಲ್ಲಿ ಲಿಂಕ್‌ಹಾರ್ನ್ ಅಂತ ಸಿಗುತ್ತೆ. ಬರಹ ನೋಡಬೇಡಿ, ಜೋರಾಗಿ ಓದಿ ಕೇಳಿಸಿಕೊಳ್ಳಿ.

ಲೆಕ್ಕಾಚಾರ

ವಯಸ್ಸು ಹೊಂದಲ್ಲ, ಹೆಸರು ಹೊಂದಲ್ಲ. ಆದರೂ ಅವನೇ ಅಂತ ಹೇಗೆ ಹೇಳ್ತೀರಿ? ಇದೇ ನನಗೆ ಈ ವಿಷಯದಲ್ಲಿ ಹಿಡಿಸದೇ ಇರೋದು. ಡಿಎನ್‌ಎ ಮಾಡಿಸಿದರೆ ಆಗಲ್ವಾ?

ಹಳೇಕಡತ

ಒಳ್ಳೇ ಪ್ರಶ್ನೆ. ಪಟ್ಟಿ ಒಂದನ್ನೇ ನಂಬಿ ಹೇಳುವುದಿಲ್ಲ. ಅಣ್ಣಂದಿರು ಹಿಂಗಮ್‌ನಲ್ಲಿ ಇದ್ದರು, ಇವನು ಮ್ಯಾಸಚೂಸೆಟ್ಸ್‌ನದೇ ಸೇಲಂನಲ್ಲಿ ಇಳಿದು ಆಮೇಲೆ ಅವರಿರುವಲ್ಲಿಗೇ ಬಂದ, ಕಸುಬು ನೇಕಾರಿಕೆ. ಹೆಸರು, ಕಸುಬು, ಊರು, ಸಂಬಂಧಿಕರು, ನಾಲ್ಕೂ ಒಂದೇ ಕಡೆ ಕೈ ತೋರಿಸಬೇಕು.

ಕಸುಬು ಯಾಕೆ ಮುಖ್ಯ ಅಂದರೆ, ಆ ಕಾಲದ ಹಿಂಗಮ್‌ನಲ್ಲಿ ನಾಲ್ಕು ಜನ ಥಾಮಸ್ ಲಿಂಕನ್ ಇದ್ದರು! ಊರವರು ಅವರನ್ನು ಹಿಟ್ಟಿನ ಗಿರಣಿಯ ಥಾಮಸ್, ನೇಕಾರ ಥಾಮಸ್, ಪೀಪಾಯಿ ಥಾಮಸ್, ಒಕ್ಕಲಿಗ ಥಾಮಸ್ ಅಂತ ಕರೆಯುತ್ತಿದ್ದರು. ದಾಖಲೆಗಳಲ್ಲೂ ಹಾಗೇ ಇದೆ. ಸ್ಯಾಮ್ಯುಯೆಲ್‌ನ ಅಣ್ಣ ನೇಕಾರ ಥಾಮಸ್. ಪೀಪಾಯಿ ಥಾಮಸ್‌ನ ವಂಶದಲ್ಲಿ ಬಂದವನು ಜನರಲ್ ಬೆಂಜಮಿನ್ ಲಿಂಕನ್. ಇವರನ್ನು ಕಲಸಿಬಿಟ್ಟರೆ ಮುಗಿಯಿತು ಕಥೆ.

ಅಂದಹಾಗೆ ಆ ಬೆಂಜಮಿನ್ ಲಿಂಕನ್ ನಮಗೂ ಸ್ವಲ್ಪ ಬೇಕಾದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಶರಣಾದಾಗ ಕತ್ತಿ ತೆಗೆದುಕೊಂಡವನು ಇವನೇ. ಸೋತ ಕಾರ್ನ್‌ವಾಲಿಸ್ ಹುಷಾರಿಲ್ಲ ಅಂತ ಹೇಳಿ ಬರಲೇ ಇಲ್ಲ, ಕೈಕೆಳಗಿನವನನ್ನು ಕಳಿಸಿದ. ಅದೇ ಕಾರ್ನ್‌ವಾಲಿಸ್ ಹನ್ನೊಂದು ವರ್ಷ ಕಳೆದ ಮೇಲೆ ಶ್ರೀರಂಗಪಟ್ಟಣದ ಮುಂದೆ ಬಂದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದ.

ಡಿಎನ್‌ಎ ಬಗ್ಗೆ. ವೈ ವರ್ಣತಂತು ಅಪ್ಪನಿಂದ ಮಗನಿಗೆ ಹೋಗುತ್ತೆ, ಅಡ್ಡಹೆಸರು ಹೋದ ಹಾಗೆ. ಆದ್ದರಿಂದ ಅಕ್ಕನ ಸೊಸೆಯ ಜೊಲ್ಲು ಕೊಟ್ಟರೆ ಈ ಕೆಲಸಕ್ಕೆ ಆಗಲ್ಲ. ಅವಳ ಅಪ್ಪನದೋ ಅಣ್ಣತಮ್ಮಂದಿರದೋ ಬೇಕು. ಇಬ್ಬರು ಗಂಡಸರಿಗೆ ಒಬ್ಬನೇ ಪೂರ್ವಜ ಇದ್ದಾನೆ ಅಂತ ಅದು ಹೇಳುತ್ತೆ. ಅವನ ಹೆಸರೇನು, ಯಾವ ಹಡಗಿನಲ್ಲಿ ಬಂದ ಅನ್ನೋದನ್ನು ಹೇಳಲ್ಲ. ಅದಕ್ಕೆ ಕಾಗದವೇ ಬೇಕು.

ಸಂತೆಪೇಟೆ

ಅಧ್ಯಕ್ಷ ಲಿಂಕನ್‌ಗೆ ಇದೆಲ್ಲ ಗೊತ್ತಿತ್ತಾ?

ನಾರಿಚ್‌ಮಳೆ

ಗೊತ್ತಿರಲಿಲ್ಲ. ನನಗೆ ಇಡೀ ಕಥೆಯಲ್ಲಿ ಹಿಡಿಸಿದ್ದು ಇದೇ. 1859ರಲ್ಲಿ ಅವರು ತಮ್ಮ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದುಕೊಟ್ಟರು. ಅಜ್ಜ ವರ್ಜೀನಿಯಾದಿಂದ ಕೆಂಟಕಿಗೆ ಬಂದವರು, ಅದಕ್ಕೂ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು, ಕ್ವೇಕರ್ ಪಂಥದವರು ಅಂತಷ್ಟೇ ಅವರಿಗೆ ಗೊತ್ತು. ನ್ಯೂ ಇಂಗ್ಲೆಂಡಿನ ಲಿಂಕನ್‌ಗಳ ಜೊತೆ ನಂಟು ಹುಡುಕಿದ್ದಾಯಿತು, ಮಾರ್ಡಿಕೈ, ಸಾಲೊಮನ್, ಅಬ್ರಹಾಂ ತರದ ಹೆಸರುಗಳು ಎರಡೂ ಕಡೆ ಇವೆ ಅನ್ನೋದು ಬಿಟ್ಟರೆ ಖಚಿತವಾಗಿ ಏನೂ ಸಿಗಲಿಲ್ಲ ಅಂತ ಬರೆದರು. ಅವರು ಕೈಯಲ್ಲಿ ಎಳೆ ಹಿಡಿದುಕೊಂಡೇ ಇದ್ದರು! ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿ ಇಲ್ಲವೇ, ಹಾಗೆಯೇ ಅದು. ಕೊನೆಗೆ ಕೊಂಡಿ ಕೂಡಿಸಿದ್ದು ಆಮೇಲಿನ ಸಂಶೋಧಕರು.

ದಾರಿ ಹೀಗಿತ್ತು. ಸ್ಯಾಮ್ಯುಯೆಲ್ ಹಿಂಗಮ್‌ನಲ್ಲಿ 1690ರಲ್ಲಿ ತೀರಿಕೊಂಡ. ಮಗ ಮಾರ್ಡಿಕೈ ಕಮ್ಮಾರ, ಅಲ್ಲೇ ಪಕ್ಕದ ಊರು. ಮೊಮ್ಮಗನೂ ಮಾರ್ಡಿಕೈ, ಅವನು ನ್ಯೂಜೆರ್ಸಿಗೆ ಹೋಗಿ ಅಲ್ಲಿಂದ ಪೆನ್ಸಿಲ್ವೇನಿಯಾ ಸೇರಿದ. ಅವನ ಮಗ ಜಾನ್ ವರ್ಜೀನಿಯಾಕ್ಕೆ. ಜಾನನ ಮಗ ಅಬ್ರಹಾಂ ಕೆಂಟಕಿಗೆ, ಅಲ್ಲಿ 1786ರಲ್ಲಿ ಹೊಲದಲ್ಲಿದ್ದಾಗ ಮೂಲನಿವಾಸಿಗಳ ದಾಳಿಯಲ್ಲಿ ಸತ್ತ. ಅವರ ನೆಲಕ್ಕೆ ಹೋಗಿ ಕೂತಿದ್ದು ಇವರೇ ಅನ್ನೋದನ್ನೂ ಮರೆಯಬಾರದು. ಅವನ ಮಗ ಥಾಮಸ್ 1816ರಲ್ಲಿ ಇಂಡಿಯಾನಾಕ್ಕೆ, 1830ರಲ್ಲಿ ಇಲಿನಾಯ್‌ಗೆ. ಥಾಮಸ್‌ನ ಮಗ ಅಧ್ಯಕ್ಷ. ಹೆಚ್ಚುಕಡಿಮೆ ಪ್ರತಿ ತಲೆಮಾರೂ ಗಾಡಿ ಕಟ್ಟಿದೆ, ಹೋದಲ್ಲೆಲ್ಲ ಹಿಂದಿನ ಊರಿನ ನೆನಪು ಸ್ವಲ್ಪ ಸ್ವಲ್ಪ ಉದುರಿಹೋಗಿದೆ.

ಹಳೇಕಡತ

ಈಗ ಅಕ್ಕನಿಗೆ ಮಾಡಬೇಕಾದ್ದು. ಇಂಗ್ಲೆಂಡಿನಿಂದ ಶುರು ಮಾಡಬೇಡಿ. ಮೊಮ್ಮಗಳಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಿರಿ.

ಅಮೆರಿಕದ ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. 72 ವರ್ಷ ಆದ ಮೇಲೆ ಹೆಸರುಗಳ ಸಮೇತ ಎಲ್ಲರಿಗೂ ತೆರೆಯುತ್ತಾರೆ. ಸದ್ಯ ಸಿಗುವುದರಲ್ಲಿ ಕೊನೆಯದು 1950ರದು. ಅಲ್ಲಿ ಬೀಗರ ಅಪ್ಪನನ್ನು ಹುಡುಕಿ. 1890ರದು ಮಾತ್ರ ಬೆಂಕಿಯಲ್ಲಿ ಹಾಳಾಗಿ ಬಹುಪಾಲು ಇಲ್ಲ, ಅಲ್ಲಿ ಜಿಗಿಯಬೇಕು. 1880ರದು ಚಿನ್ನ. ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು, ಅಪ್ಪ ಅಮ್ಮ ಎಲ್ಲಿ ಹುಟ್ಟಿದವರು, ಎಲ್ಲ ಬರೆದಿದ್ದಾರೆ. 1850ರಲ್ಲಿ ಮನೆಯ ಎಲ್ಲರ ಹೆಸರು, ಹುಟ್ಟಿದ ರಾಜ್ಯ, ಗಂಡಸರ ಕಸುಬು ಸಿಗುತ್ತೆ. ಗುಲಾಮರದು ಮಾತ್ರ ಅಲ್ಲಿ ಹೆಸರಿಲ್ಲ, ವಯಸ್ಸು ಲಿಂಗ ಬಣ್ಣ ಅಷ್ಟೇ. ಅವರ ವಂಶದವರು ಹುಡುಕುವಾಗ 1870ಕ್ಕೆ ಗೋಡೆಗೆ ಹಣೆ ಚಚ್ಚಿದ ಹಾಗಾಗುತ್ತೆ. 1840 ಮತ್ತು ಅದರ ಹಿಂದಿನದರಲ್ಲಿ ಯಜಮಾನನ ಹೆಸರು ಮಾತ್ರ.

ಇಂಗ್ಲೆಂಡಿಗೆ ದಾಟಿದ ಮೇಲೆ ಚರ್ಚಿನ ಪುಸ್ತಕಗಳು. 1538ರಲ್ಲಿ ರಾಜ ಎಂಟನೇ ಹೆನ್ರಿ ಕಾಲದಲ್ಲಿ ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ ಮೇಲೆ ಶುರುವಾದವು. ಎಲ್ಲ ಊರಿನದೂ ಅಲ್ಲಿಂದ ಉಳಿದಿಲ್ಲ. ತಾರೀಕು ನೋಡುವಾಗ ಹುಷಾರು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಆ ವರ್ಷ ಕ್ಯಾಲೆಂಡರ್ ಬದಲಿಸಿದಾಗ 11 ದಿನವನ್ನೂ ಹಾರಿಸಿದರು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಆಗಿನ ಲೆಕ್ಕದಲ್ಲಿ 1731ರ ಫೆಬ್ರವರಿ 11, ಈಗಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ನಮ್ಮ ಯುಗಾದಿ ಗೊತ್ತಿದ್ದವರಿಗೆ ಇದು ತಲೆನೋವಲ್ಲ ಬಿಡಿ.

ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟಿನಲ್ಲಿ ಬಹಳಷ್ಟು ಪುಕ್ಕಟೆ ಸಿಗುತ್ತೆ. ಆದರೆ ಬೇರೆಯವರು ಹಾಕಿದ ಮರವನ್ನು ಸುಳಿವು ಅಂತ ಮಾತ್ರ ನೋಡಿ. ಮೂಲ ಪುಟದ ಚಿತ್ರ ತೆರೆದು ಓದಿ.

ಲೆಕ್ಕಾಚಾರ

ಇಷ್ಟೆಲ್ಲ ಮಾಡಿ ಮಗುವಿಗೆ ಏನು ಸಿಗುತ್ತೆ ಅಂತ ಕೇಳಬೇಕು ಅನ್ನಿಸಿತು. ಕೇಳಲ್ಲ. ನಮ್ಮ ಅಜ್ಜನ ಅಪ್ಪನ ಹೆಸರು ನನಗೆ ಗೊತ್ತಿಲ್ಲ ಅಂತ ಈಗ ತಾನೇ ಹೊಳೆಯಿತು. ಅಮ್ಮನಿಗೆ ಫೋನ್ ಮಾಡ್ತಿದ್ದೀನಿ.

ಕಾಫಿಪುಡಿ

ಹತ್ತು ದಿನ ಆಯಿತು, ಈಗ ಬಂದು ಬರೆಯುತ್ತಿದ್ದೇನೆ. ಮಗು ಮಲಗಿದಾಗ ಮಾತ್ರ ಕೆಲಸ.

1950ರಲ್ಲಿ ಬೀಗರ ಅಪ್ಪ ಸಿಕ್ಕರು. ಅಲ್ಲಿಂದ ಹಿಡಿದು 1880ರವರೆಗೆ ಒಂದೇ ತಾಲೂಕು, ಹೊಲಮನೆ. ಎಲಿಸ್ ಐಲ್ಯಾಂಡ್ ಕಥೆ ಅಲ್ಲಿಗೇ ಸತ್ತಿತು. ಬೀಗರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅಟ್ಟದಿಂದ ಅವರ ಅಜ್ಜಿಯ ಬೈಬಲ್ ಇಳಿಸಿಕೊಂಡು ಬಂದರು. ನಡುವಿನ ಪುಟಗಳಲ್ಲಿ ಹುಟ್ಟು, ಮದುವೆ, ಸಾವು ಎಲ್ಲ ಕೈಬರಹದಲ್ಲಿ ಇದೆ. ಇಷ್ಟು ದಿನ ಇದು ಎಲ್ಲಿತ್ತು ಅಂದರೆ, ನೀವು ಕೇಳಲಿಲ್ಲವಲ್ಲ ಅಂದರು! ಅದರಲ್ಲಿ ಹೆಂಗಸರ ತವರಿನ ಹೆಸರೂ ಇವೆ. ನಮ್ಮ ನೋಟ್‌ಬುಕ್ಕಿಗಿಂತ ಮೇಲು.

1850ರಲ್ಲಿ ಯಜಮಾನನಿಗೆ 41 ವರ್ಷ. ಹುಟ್ಟಿದ್ದು ಪೆನ್ಸಿಲ್ವೇನಿಯಾ. ಕಸುಬು ಪೀಪಾಯಿ ಮಾಡುವುದು. ನಗು ಬಂತು. ಆದರೆ 1840ರಲ್ಲಿ ಅದೇ ಹೆಸರಿನವರು ಆ ತಾಲೂಕಿನಲ್ಲಿ ಮೂವರು ಇದ್ದಾರೆ. ನಮ್ಮವನು ಯಾರು? ನಾಳೆ ಮಗ ತಾಲೂಕಿನ ಕೋರ್ಟಿಗೆ ಕರೆದುಕೊಂಡು ಹೋಗುತ್ತಾನೆ. ಏನು ಅಂತ ಕೇಳಲಿ?

ಹಳೇಕಡತ

ಜಮೀನಿನ ನೋಂದಣಿ ಪುಸ್ತಕ ಕೇಳಿ. ಸೂಚಿ ಎರಡು ಇರುತ್ತೆ, ಮಾರಿದವರದು ಬೇರೆ, ಕೊಂಡವರದು ಬೇರೆ. ಎರಡನ್ನೂ ನೋಡಿ. ಪತ್ರದಲ್ಲಿ ಪೀಪಾಯಿಯವನು ಅಂತ ಬರೆದಿದ್ದರೆ ನಿಮ್ಮವನು ಸಿಕ್ಕ ಹಾಗೆ. ಹೆಂಡತಿಯ ಹೆಸರನ್ನು ಬೈಬಲ್ ಜೊತೆ ಹೋಲಿಸಿ. ಉಯಿಲುಗಳನ್ನೂ ಕೇಳಿ. ಸಾಕ್ಷಿ ಹಾಕಿದವರ ಹೆಸರು, ಪಕ್ಕದ ಹೊಲದವರ ಹೆಸರು ತಪ್ಪದೇ ಬರೆದುಕೊಳ್ಳಿ. ಹಿಂಗಮ್‌ನವರ ಹಾಗೆ ಇವರೂ ಪೆನ್ಸಿಲ್ವೇನಿಯಾದಿಂದ ಗುಂಪಾಗಿಯೇ ಬಂದಿರುತ್ತಾರೆ. ನಿಮ್ಮವನ ಹಿಂದಿನ ಊರು ಅವನ ಪತ್ರದಲ್ಲಿ ಸಿಗದಿದ್ದರೂ ಪಕ್ಕದವನ ಪತ್ರದಲ್ಲಿ ಸಿಗಬಹುದು.

ಸ್ವೆಟರ್ ಹಾಕಿಕೊಂಡು ಹೋಗಿ ಅಕ್ಕ. ಹಳೇ ಕಾಗದ ಇಡುವ ಕೋಣೆ ತಣ್ಣಗೆ ಇರುತ್ತೆ. ಪೆನ್ನು ಒಳಗೆ ಬಿಡಲಿಕ್ಕಿಲ್ಲ, ಪೆನ್ಸಿಲ್ ಇಟ್ಟುಕೊಳ್ಳಿ.

ಗಿರಣಿಚಾಳ

ಆ ಬೈಬಲ್ ಪುಟಗಳ ಫೋಟೋ ಮೊದಲು ತೆಗೆದಿಡಿ. ಮಗು ಅಂಬೆಗಾಲಿಡುವುದರ ಒಳಗೆ.